ಲಂಡನ್ನಿನ ಬಸ್ಸಿನ ಮೆಟ್ಟಿಲುಗಳು

ಮಠಕ್ಕೆ ಬರುವ ಭಕ್ತರಲ್ಲಿ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯಂತಹ ಊರುಗಳ ಕಚೇರಿಗಳಲ್ಲಿ ದುಡಿಯುವವರನ್ನು ಕುಶಲ ವಿಚಾರಿಸಿದರೆ ಬಹುತೇಕ ಒಂದೇ ಉತ್ತರ ಕೇಳಿಬರುತ್ತದೆ: “ವೈದ್ಯರು ದಿನವೂ ನಡೆಯಬೇಕು ಎಂದಿದ್ದಾರೆ. ಆದರೆ ಪುರುಸೊತ್ತೆಲ್ಲಿದೆ ಬುದ್ಧೀ? ಕಾಯಕ ಬಿಡಲಾಗುತ್ತದೆಯೇ?” ರಕ್ತದೊತ್ತಡದ ಗುಳಿಗೆ ನಲವತ್ತು ದಾಟುವ ಮುನ್ನವೇ ಜೇಬಿಗೆ ಬಂದಿರುತ್ತದೆ. ಉತ್ತರ ಕೊಟ್ಟವರು ಸೋಮಾರಿಗಳಲ್ಲ; ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವರೇ. ದುಡಿಮೆಯೇ ಅವರ ಅನಾರೋಗ್ಯಕ್ಕೆ ನೆಪವಾಗಿದೆ ಎಂಬುದೇ ಇಲ್ಲಿ ಯೋಚಿಸಬೇಕಾದ ಸಂಗತಿ.

ಕಾಯಕ ಎಂಬ ಪದದೊಳಗೆ ಕಾಯವಿದೆ. 12ನೆಯ ಶತಮಾನದ ಶರಣರನ್ನು ನೆನೆದರೆ ಅವರ ಹೆಸರಿನೊಂದಿಗೇ ಅವರ ಮೈಯ ದುಡಿಮೆಯೂ ನೆನಪಾಗುತ್ತದೆ. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಾಯಕ ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯುವುದು. ಇವರಲ್ಲಿ ಯಾರಿಗೂ ವ್ಯಾಯಾಮಕ್ಕೆಂದು ಪ್ರತ್ಯೇಕ ವೇಳೆ ಬೇಕಾಗಿರಲಿಲ್ಲ. ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದ ಬಸವಣ್ಣನವರದು ಬೇರೆಯ ಬಗೆಯ ಕಾಯಕ. ಇಂದಿನ ನಮ್ಮ ವಿದ್ಯಾವಂತ ಭಕ್ತರ ಉದ್ಯೋಗಗಳೆಲ್ಲ ಮಾಚಿದೇವರ ಮಡುವಿಗಿಂತ ಆ ಭಂಡಾರಕ್ಕೇ ಹತ್ತಿರವಾಗಿವೆ. ಕಾಯಕ ಉಳಿದಿದೆ, ಅದರಲ್ಲಿ ಕಾಯದ ಪಾಲು ಮಾತ್ರ ಕ್ಷೀಣಿಸಿದೆ. ಈ ಕೊರತೆಯಿಂದ ದೇಹಕ್ಕೆ ಏನಾಗುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಹೇಗೆ ಅರಿತುಕೊಂಡಿತು ಎಂಬ ಕಥೆ ನಮ್ಮ ನಾಡಿನದಲ್ಲ. ಅದರ ಒಂದು ಎಳೆ ಇಟಲಿಯಲ್ಲಿದೆ, ಮುಖ್ಯ ಭಾಗ ಲಂಡನ್ ನಗರದ ಬಸ್ಸುಗಳಲ್ಲಿದೆ.

ಇಟಲಿಯ ಮೊದೆನಾ ನಗರದಲ್ಲಿ ಬೆರ್ನಾರ್ದಿನೊ ರಾಮಜ್ಜಿನಿ ಎಂಬ ವೈದ್ಯನಿದ್ದನು. ಜನನ 1633, ಮರಣ 1714. ಒಮ್ಮೆ ಅವನ ಮನೆಯ ಮಲಗುಂಡಿಯನ್ನು ಶುಚಿಮಾಡಲು ಬಂದ ಕಾರ್ಮಿಕನೊಬ್ಬನು ಅತಿಯಾದ ಅವಸರದಿಂದ ಕೆಲಸ ಮಾಡುತ್ತಿದ್ದುದನ್ನು ಕಂಡು, ಇಷ್ಟು ಆತುರವೇಕೆಂದು ವಿಚಾರಿಸಿದನು. ಆ ಗುಂಡಿಯಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣು ಹೋಗುತ್ತದೆಂಬುದು ಆ ಬಡವನ ಉತ್ತರವಾಗಿತ್ತು. ಅಂದಿನಿಂದ ರಾಮಜ್ಜಿನಿ ಪ್ರತಿಯೊಂದು ಕಸುಬಿನವರ ರೋಗಗಳನ್ನೂ ಗಮನಿಸತೊಡಗಿದನು. 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತ ಅವನ ಲ್ಯಾಟಿನ್ ಗ್ರಂಥ ಪ್ರಕಟವಾಯಿತು. ರೋಗಿಯನ್ನು ನೋಡುವಾಗ ಕೇಳಬೇಕೆಂದು ಹಿಪೊಕ್ರೆಟಿಸ್‌ನ ಕಾಲದಿಂದ ಬಂದಿದ್ದ ಪ್ರಶ್ನೆಗಳಿಗೆ ಅವನು ಇನ್ನೊಂದನ್ನು ಸೇರಿಸಿದನು: ನೀನು ಮಾಡುವ ಕೆಲಸವೇನು?

ಗಣಿಗಾರರು, ಕುಂಬಾರರು, ಅಗಸರು, ಹೊಲದಲ್ಲಿ ದುಡಿಯುವವರು ಹೀಗೆ ಹತ್ತಾರು ಕಸುಬುಗಳ ನಡುವೆ ಕುಳಿತೇ ದುಡಿಯುವವರಿಗೂ ಅವನು ಒಂದು ಅಧ್ಯಾಯ ಮೀಸಲಿಟ್ಟನು. ದರ್ಜಿಗಳು ಮತ್ತು ಚಮ್ಮಾರರು ದಿನವಿಡೀ ಬಗ್ಗಿ ಕುಳಿತು ಬೆನ್ನು ಗೂನಾಗಿಸಿಕೊಳ್ಳುವುದನ್ನು ಅವನು ಕಂಡಿದ್ದನು. 1713ರ ಪರಿಷ್ಕೃತ ಆವೃತ್ತಿಯಲ್ಲಿ ಗುಮಾಸ್ತರ ಕಷ್ಟಗಳನ್ನೂ ಸೇರಿಸಿ, ಅವಕ್ಕೆ ಮೂರು ಕಾರಣಗಳನ್ನು ಗುರುತಿಸಿದನು: ಎಡೆಬಿಡದೆ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿತ. ಗರಿಯ ಲೇಖನಿಯ ಜಾಗದಲ್ಲಿ ಗಣಕಯಂತ್ರದ ಕೀಲಿಮಣೆಯನ್ನಿಟ್ಟು ನೋಡಿದರೆ ಇದರಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ಕುಳಿತು ದುಡಿಯುವವರಿಗೆ ಅವನು ಕೊಟ್ಟ ಸಲಹೆ ಬಹಳ ಸರಳವಾದದ್ದು. ಅವರಿಗೆ ಕಸುಬು ಬಿಡಿ ಎನ್ನುವಂತಿಲ್ಲ, ಬಿಟ್ಟರೆ ಹೊಟ್ಟೆಗಿಲ್ಲ. ಆದ್ದರಿಂದ ರಜೆಯ ದಿನಗಳಲ್ಲಾದರೂ ಮೈ ದಣಿಸಿ, ವಾರದ ಹಾನಿಯನ್ನು ಸ್ವಲ್ಪ ತುಂಬಿಕೊಳ್ಳಲಿ ಎಂದನು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುನ್ನೂರು ವರ್ಷಗಳ ನಂತರ ಇದಕ್ಕೆ ಲೆಕ್ಕದ ಆಧಾರ ದೊರೆಯಿತು.

ರಾಮಜ್ಜಿನಿಯದು ಕಣ್ಣಿನ ಅಳತೆ. ಸಂಖ್ಯೆಗಳಿಂದ ಪರೀಕ್ಷಿಸುವ ಸಂದರ್ಭ ಬಂದುದು ಎರಡನೆಯ ಮಹಾಯುದ್ಧದ ಬಳಿಕ. ಬ್ರಿಟನ್ನಿನಲ್ಲಿ ಆಗ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಏರುತ್ತ ನಡೆದಿತ್ತು, ಕಾರಣ ಸ್ಪಷ್ಟವಿರಲಿಲ್ಲ. ಅದನ್ನು ಅರಸಲು ಹೊರಟವರು ಜೆರ್ರಿ ಮಾರಿಸ್. ಪೋಲೆಂಡಿನಿಂದ ವಲಸೆ ಬಂದ ಬಡ ಯಹೂದಿ ಕುಟುಂಬದಲ್ಲಿ 1910ರಲ್ಲಿ ಹುಟ್ಟಿ ಗ್ಲಾಸ್ಗೋ ನಗರದಲ್ಲಿ ಬೆಳೆದವರು. ಯುದ್ಧಕಾಲದಲ್ಲಿ ಸೇನೆಯ ವೈದ್ಯರಾಗಿ ನಮ್ಮ ದೇಶದಲ್ಲಿಯೂ ಸೇವೆ ಸಲ್ಲಿಸಿದ್ದರು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ತೆರೆದ ಸಾಮಾಜಿಕ ವೈದ್ಯ ಘಟಕದ ಮುಖ್ಯಸ್ಥರಾದ ಅವರು ಹೃದ್ರೋಗಕ್ಕೂ ಉದ್ಯೋಗಕ್ಕೂ ನಂಟಿರಬಹುದೇ ಎಂದು ಕೇಳಿದರು. ರಾಮಜ್ಜಿನಿಯ ಪ್ರಶ್ನೆಯೇ ಮತ್ತೆ ಬಂತು ಎನ್ನಬಹುದು.

ಅವರಿಗೆ ದೊರೆತ ಪ್ರಯೋಗಶಾಲೆ ಲಂಡನ್ನಿನ ಕೆಂಪು ಬಣ್ಣದ ಎರಡಂತಸ್ತಿನ ಬಸ್ಸು. ಬೆಂಗಳೂರಿನಲ್ಲಿಯೂ ಹಿಂದೆ ಅಂತಹ ಬಸ್ಸುಗಳು ಓಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಪ್ರತಿ ಬಸ್ಸಿನಲ್ಲಿ ಇಬ್ಬರು ನೌಕರರು. ಒಂದೇ ಸಂಸ್ಥೆ, ಒಂದೇ ದಾರಿ, ಸಂಬಳದಲ್ಲಿಯೂ ಬದುಕಿನ ಮಟ್ಟದಲ್ಲಿಯೂ ಅಜಗಜಾಂತರವಿಲ್ಲ. ಆದರೆ ಚಾಲಕನು ತನ್ನ ಪಾಳಿಯ ಶೇಕಡಾ 90ರಷ್ಟು ಹೊತ್ತು ಕುಳಿತೇ ಇರುತ್ತಾನೆ. ನಿರ್ವಾಹಕನು ಚೀಟಿ ಕೊಡಲು ಮೇಲಂತಸ್ತಿಗೆ ಹತ್ತುತ್ತಾನೆ, ಇಳಿಯುತ್ತಾನೆ. ಎಷ್ಟು ಮೆಟ್ಟಿಲು? ಸಂಶೋಧಕರು ಗಂಟೆಗಟ್ಟಲೆ ಬಸ್ಸಿನಲ್ಲಿ ಕುಳಿತು ಎಣಿಸಿದರು. ದಿನದ ದುಡಿಮೆಯಲ್ಲಿ 500ರಿಂದ 750 ಮೆಟ್ಟಿಲು. ಯಾರೂ ಅವನಿಗೆ ವ್ಯಾಯಾಮ ಮಾಡು ಎಂದು ಹೇಳಿರಲಿಲ್ಲ, ಅವನೂ ಹಾಗೆಂದುಕೊಂಡಿರಲಿಲ್ಲ.

ಲಂಡನ್ ಸಾರಿಗೆಯ 35ರಿಂದ 64 ವರ್ಷ ವಯಸ್ಸಿನ ಸುಮಾರು 31,000 ಗಂಡಸರ ದಾಖಲೆಗಳನ್ನು ಪರಿಶೀಲಿಸಿದಾಗ ವ್ಯತ್ಯಾಸ ಕಣ್ಣಿಗೆ ರಾಚಿತು. ಹೃದಯದ ರಕ್ತನಾಳದ ಕಾಯಿಲೆ ವರ್ಷಕ್ಕೆ ಸಾವಿರ ಚಾಲಕರಲ್ಲಿ 2.7 ಮಂದಿಗೆ ಬಂದಿದ್ದರೆ, ಸಾವಿರ ನಿರ್ವಾಹಕರಲ್ಲಿ 1.9 ಮಂದಿಗೆ ಬಂದಿತ್ತು. ಬಂದದ್ದೂ ನಿರ್ವಾಹಕರಲ್ಲಿ ತಡವಾಗಿ, ಮತ್ತು ಸೌಮ್ಯವಾಗಿ. ಮೊದಲ ಆಘಾತದಲ್ಲಿಯೇ ಅಥವಾ ಅದರ ಬೆನ್ನಿಗೇ ಸಾಯುವ ಪ್ರಮಾಣ ಚಾಲಕರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಿತ್ತು.

ಇಲ್ಲಿ ಮಾರಿಸ್ ಅವರ ನಡೆ ಮೆಚ್ಚತಕ್ಕದ್ದು. ಇಂತಹ ಫಲಿತಾಂಶ ಕೈಗೆ ಬಂದೊಡನೆ ಪತ್ರಿಕೆಗಳಿಗೆ ಸಾರುವ ಇಂದಿನ ಚಪಲ ಅವರಿಗಿರಲಿಲ್ಲ. ಇದು ಆಕಸ್ಮಿಕವಿರಬಹುದೇ ಎಂಬ ಅನುಮಾನದಿಂದ ಅಂಚೆ ಇಲಾಖೆಯತ್ತ ತಿರುಗಿದರು. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಅಂಚೆಯವರನ್ನೂ, ಕುಳಿತು ಬರೆಯುವ ಸರ್ಕಾರಿ ಗುಮಾಸ್ತರನ್ನೂ, ದೂರವಾಣಿ ವಿನಿಮಯ ಕೇಂದ್ರದ ನೌಕರರನ್ನೂ ಹೋಲಿಸಿದರು. ಅಲ್ಲಿಯೂ ಅದೇ ಚಿತ್ರ. ಆಮೇಲೆಯೇ, 1953ರ ನವೆಂಬರಿನಲ್ಲಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಪ್ರಕಟಿಸಿದರು. ಆದರೂ ಹಲವರು ನಂಬಲಿಲ್ಲ. ಹೃದಯಕ್ಕೂ ಕಾಲಿನ ಓಡಾಟಕ್ಕೂ ಏನು ಸಂಬಂಧ ಎಂಬುದು ಅಂದಿನ ವೈದ್ಯರ ಭಾವನೆ. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆ ಬಿಟ್ಟು ಏಳದಂತೆ ಮಲಗಿಸುತ್ತಿದ್ದ ಕಾಲವದು.

ಆಕ್ಷೇಪಗಳು ಕೇವಲ ಹಟದಿಂದ ಬಂದವುಗಳೇನೂ ಅಲ್ಲ. ಲಂಡನ್ನಿನ ವಾಹನಸಂದಣಿಯಲ್ಲಿ ಬಸ್ಸು ನಡೆಸುವವನ ಮನಸ್ಸಿನ ಒತ್ತಡವೇ ಕಾರಣವಿರಬಾರದೇಕೆ? ಅಥವಾ ಮೊದಲಿನಿಂದಲೇ ಸ್ಥೂಲಕಾಯರಾದವರು ಕುಳಿತುಕೊಳ್ಳುವ ಕೆಲಸವನ್ನೇ ಆರಿಸಿಕೊಂಡಿರಬಹುದಲ್ಲ? ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದ ಬಗೆ ಸ್ವಾರಸ್ಯಕರವಾಗಿದೆ. ನೌಕರರಿಗೆ ಸಮವಸ್ತ್ರ ಹೊಲಿಸಿಕೊಡಲು ತೆಗೆದುಕೊಂಡ ಅಳತೆಗಳ ದಾಖಲೆ ಸಂಸ್ಥೆಯಲ್ಲಿತ್ತು. ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು ಷರಾಯಿಗಳ ಸೊಂಟದ ಸುತ್ತಳತೆಯನ್ನು ತುಲನೆಮಾಡಿ 1956ರಲ್ಲಿ ಪ್ರಕಟಿಸಿದರು. ಫಲಿತಾಂಶ ಅವರ ವಾದಕ್ಕೆ ಪೂರ್ತಿ ಅನುಕೂಲವಾಗಿರಲಿಲ್ಲ: ಚಾಲಕರು ಕೆಲಸಕ್ಕೆ ಸೇರುವಾಗಲೇ ತುಸು ದಪ್ಪಗಿದ್ದರು. ತಮ್ಮ ವಾದವನ್ನು ಸಡಿಲಿಸುವ ಸಂಗತಿಯನ್ನು ತಾವೇ ಹುಡುಕಿ ತಾವೇ ಅಚ್ಚುಹಾಕಿಸಿದ್ದು ಅವರ ಪ್ರಾಮಾಣಿಕತೆ. ಸೊಂಟದ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಚಾಲಕರಿಗೂ ನಿರ್ವಾಹಕರಿಗೂ ಇದ್ದ ವ್ಯತ್ಯಾಸ ಅಳಿಯಲಿಲ್ಲ ಎಂಬುದು ಮುಂದಿನ ಅಧ್ಯಯನಗಳಲ್ಲಿ ಕಂಡುಬಂತು. 1958ರಲ್ಲಿ ಬ್ರಿಟನ್ನಿನಾದ್ಯಂತ ನಡೆದ ಸಾವಿರಾರು ಶವಪರೀಕ್ಷೆಗಳ ವರದಿ ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದು ಶ್ರಮಜೀವಿಗಳಲ್ಲಿಯೂ ಕುಳಿತವರಲ್ಲಿಯೂ ಸುಮಾರು ಒಂದೇ ತೆರನಾಗಿತ್ತು. ಆದರೆ ಹೃದಯದ ಸ್ನಾಯುವಿನಲ್ಲಿ ಉಳಿದ ದೊಡ್ಡ ಗಾಯದ ಕಲೆಗಳು ಕುಳಿತವರಲ್ಲಿ ಹೆಚ್ಚಿದ್ದವು.

ಅಮೆರಿಕದಲ್ಲಿ ರಾಲ್ಫ್ ಪ್ಯಾಫೆನ್‌ಬಾರ್ಗರ್ ಎಂಬ ವೈದ್ಯರು ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಹಮಾಲರನ್ನು ಇಪ್ಪತ್ತೆರಡು ವರ್ಷ ಗಮನಿಸಿ 1975ರಲ್ಲಿ ಇದೇ ಬಗೆಯ ತೀರ್ಮಾನಕ್ಕೆ ಬಂದರು. ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳನ್ನು ಕುರಿತ ಅವರ 1978ರ ಅಧ್ಯಯನದಲ್ಲಿ ಕಂಡ ಒಂದು ಸಂಗತಿ ಮಾತ್ರ ನಮ್ಮಲ್ಲಿ ಹಲವರಿಗೆ ಕಹಿಯೆನಿಸಬಹುದು. ಕಾಲೇಜಿನಲ್ಲಿ ಆಟಗಾರರಾಗಿ ಮೆರೆದು ಅನಂತರ ಎಲ್ಲವನ್ನೂ ಬಿಟ್ಟವರಿಗೆ ಆ ಹಳೆಯ ಆಟದಿಂದ ಯಾವ ರಕ್ಷಣೆಯೂ ಉಳಿದಿರಲಿಲ್ಲ. ದೇಹವು ಹಿಂದಿನ ಪುಣ್ಯವನ್ನು ಜಮೆ ಇಟ್ಟುಕೊಳ್ಳುವುದಿಲ್ಲ.

ಇಷ್ಟಾದರೂ ನಮ್ಮ ಭಕ್ತರ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನಿರ್ವಾಹಕನಿಗೆ ಕೆಲಸವೇ ಓಡಾಟ ಕೊಟ್ಟಿತು. ಕೆಲಸವೇ ಕುರ್ಚಿಯಾದವನು ಏನು ಮಾಡಬೇಕು? ಮಾರಿಸ್ ಅವರನ್ನೂ ಈ ಪ್ರಶ್ನೆ ಕಾಡಿತು, ಏಕೆಂದರೆ ಯಂತ್ರಗಳು ಬಂದಂತೆ ಮೈಮುರಿದು ದುಡಿಯುವ ಉದ್ಯೋಗಗಳೇ ಕಡಿಮೆಯಾಗುತ್ತಿದ್ದವು. 1968ರಿಂದ 1970ರವರೆಗೆ ಅವರು 40ರಿಂದ 64 ವರ್ಷ ವಯಸ್ಸಿನ 16,882 ಮಂದಿ ಸರ್ಕಾರಿ ಅಧಿಕಾರಿಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಎಲ್ಲರೂ ಮೇಜಿನ ಮುಂದೆ ಕುಳಿತು ಕಡತ ನೋಡುವವರು, ಎಲ್ಲರೂ ಪುರುಸೊತ್ತಿಲ್ಲದವರು. ಸೋಮವಾರ ಬೆಳಿಗ್ಗೆ ಅವರ ಕೈಗೆ ಒಂದು ಹಾಳೆ ಕೊಟ್ಟು, ಕಳೆದ ಶುಕ್ರವಾರ ಮತ್ತು ಶನಿವಾರಗಳನ್ನು ಐದೈದು ನಿಮಿಷಗಳ ಲೆಕ್ಕದಲ್ಲಿ ಹೇಗೆ ಕಳೆದಿರಿ ಎಂದು ಬರೆಸಿದರು. ಸೋಮವಾರವೇ ಏಕೆಂದರೆ ವಾರಾಂತ್ಯದ ನೆನಪು ಇನ್ನೂ ಮಾಸಿರುವುದಿಲ್ಲ. ನಮ್ಮ ಒಂದು ಶನಿವಾರವನ್ನು ಹೀಗೆ ಬರೆದರೆ ಹಾಳೆಯಲ್ಲಿ ಎಷ್ಟು ಸಾಲು ದೂರದರ್ಶನಕ್ಕೂ ಮೊಬೈಲಿಗೂ ಹೋದೀತೆಂದು ಊಹಿಸುವುದು ಕಷ್ಟವಲ್ಲ.

1973ರಲ್ಲಿ ಬಂದ ಉತ್ತರ ಸ್ಪಷ್ಟವಾಗಿತ್ತು. ಬಿಡುವಿನಲ್ಲಿ ಏದುಸಿರು ಬರುವಷ್ಟು ಮೈ ದಣಿಸುತ್ತಿದ್ದವರಿಗೆ, ಅಂದರೆ ಈಜು, ಬಿರುಸಿನ ನಡಿಗೆ, ತೋಟದಲ್ಲಿ ಭಾರವಾದ ಅಗೆತ ಮುಂತಾದವುಗಳಲ್ಲಿ ತೊಡಗಿದ್ದವರಿಗೆ, ಹೃದ್ರೋಗದ ಸಂಭವ ಉಳಿದವರ ಮೂರನೆಯ ಒಂದು ಭಾಗದಷ್ಟೇ ಇತ್ತು. ಇವರಿಗೆಲ್ಲ ಕಚೇರಿಯ ವೇಳೆ, ಹುದ್ದೆಯ ಹೊರೆ ಒಂದೇ. ಹಾಗಾದರೆ ಕುರ್ಚಿಯ ಹಾನಿಯನ್ನು ಕುರ್ಚಿಯ ಹೊರಗೆ ಸರಿದೂಗಿಸಿಕೊಳ್ಳಬಹುದು ಎಂದಾಯಿತು. ಪಾಠವನ್ನು ಮಾರಿಸ್ ತಮಗೂ ಅನ್ವಯಿಸಿಕೊಂಡರು. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಓಡುತ್ತಿದ್ದರು. ಗೌರವಸ್ಥ ಗಂಡಸು ಕಾರಣವಿಲ್ಲದೆ ಬಯಲಿನಲ್ಲಿ ಓಡುವುದು ಆಗಿನ ಜನಕ್ಕೆ ಹುಚ್ಚಾಗಿ ಕಂಡಿತ್ತು.

ಈ ಸಂಶೋಧನೆಗಳಲ್ಲಿ ಮೊದಲ ದಶಕಗಳವರೆಗೆ ಹೆಂಗಸರೇ ಇಲ್ಲವೆಂಬುದು ಒಂದು ದೊಡ್ಡ ಕೊರತೆ. ಅದು ತುಂಬಲು ಬಹಳ ಕಾಲ ಹಿಡಿಯಿತು. ಅಮೆರಿಕದ 72,488 ಮಂದಿ ದಾದಿಯರ ಅಧ್ಯಯನವು 1999ರಲ್ಲಿ ಪ್ರಕಟವಾಗಿ, ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಬಿರುಸಾಗಿ ನಡೆಯುವವರಲ್ಲಿ ಹೃದ್ರೋಗ ಶೇಕಡಾ 30ರಿಂದ 40ರಷ್ಟು ಕಡಿಮೆ ಎಂದು ತೋರಿಸಿತು. ಮನೆಯ ಕೆಲಸವೇ ಸಾಕಷ್ಟು ವ್ಯಾಯಾಮವಲ್ಲವೇ ಎಂದು ತಾಯಂದಿರು ಕೇಳುವುದುಂಟು. ಬಾವಿಯಿಂದ ನೀರು ಸೇದಿ, ಬೀಸುವ ಕಲ್ಲು ತಿರುಗಿಸುತ್ತಿದ್ದ ಅಜ್ಜಿಯ ಮಟ್ಟಿಗೆ ಅದು ಸತ್ಯವೇ. ನಲ್ಲಿ, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರಗಳಿರುವ ಮನೆಯಲ್ಲಿ ಕೆಲಸದ ಗಂಟೆಗಳು ಅಷ್ಟೇ ಉಳಿದಿದ್ದರೂ ಉಸಿರು ಬಿರುಸಾಗುವ ಕ್ಷಣಗಳು ಕಡಿಮೆಯಾಗಿವೆ.

ಮೈ ದಣಿಸುವುದೆಲ್ಲವೂ ಒಳ್ಳೆಯದೆಂದು ಭಾವಿಸುವುದೂ ತಪ್ಪು. ಹೊಲದ ಕೂಲಿಯವರಿಗೆ, ಗಾರೆ ಹೊರುವವರಿಗೆ “ನಿಮಗೇನು, ದಿನವೂ ವ್ಯಾಯಾಮ” ಎನ್ನುವವರಿದ್ದಾರೆ. ಅದು ಉಂಡು ಕುಳಿತವರ ಮಾತು. ಹದಿನೇಳು ಅಧ್ಯಯನಗಳನ್ನು, 1,93,696 ಜನರ ವಿವರಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಅತಿಭಾರದ ದೈಹಿಕ ಉದ್ಯೋಗದ ಗಂಡಸರಲ್ಲಿ ಅಕಾಲಮರಣದ ಸಂಭವ ಶೇಕಡಾ 18ರಷ್ಟು ಹೆಚ್ಚಿತ್ತು. ಹೊತ್ತು, ವೇಗ, ವಿಶ್ರಾಂತಿ ಇವುಗಳಲ್ಲಿ ಯಾವುದೂ ತನ್ನ ಕೈಯಲ್ಲಿಲ್ಲದವನ ದುಡಿಮೆಗೂ, ಮೆಟ್ಟಿಲು ಹತ್ತಿ ಇಳಿದು ನಡುನಡುವೆ ನಿಂತು ಉಸಿರು ಹಿಡಿಯುವ ನಿರ್ವಾಹಕನ ದುಡಿಮೆಗೂ ದೇಹದ ಮೇಲೆ ಒಂದೇ ಪರಿಣಾಮವಾಗುವುದಿಲ್ಲ. ಕೂಲಿಯವನಿಗೆ ಬೇಕಾದದ್ದು ಇನ್ನಷ್ಟು ಶ್ರಮವಲ್ಲ, ವಿಶ್ರಾಂತಿ ಮತ್ತು ನ್ಯಾಯವಾದ ಕೂಲಿ. ಮಲಗುಂಡಿಯಲ್ಲಿ ಅವಸರಪಡುತ್ತಿದ್ದವನನ್ನು ನೋಡಿದ ರಾಮಜ್ಜಿನಿಗೆ ಇದು ಗೊತ್ತಿತ್ತು.

ಇನ್ನು ಪುರುಸೊತ್ತಿನ ಮಾತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕೆಂಬ ನಿಯಮ ಬಹಳ ಜನರನ್ನು ಹೆದರಿಸಿ ಕೂರಿಸಿದೆ. ಅದು ಯಾವ ವೈದ್ಯನ ನಿಯಮವೂ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಕ್ರೀಡಾಕೂಟದ ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದು ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟಿತು. ಸಂಖ್ಯೆ ಅಲ್ಲಿಂದ ಹರಡಿತು. ಪ್ಯಾಫೆನ್‌ಬಾರ್ಗರ್ ಅವರ ಸಹೋದ್ಯೋಗಿಯಾಗಿದ್ದ ಐ-ಮಿನ್ ಲೀ ಅವರು ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆಗಳನ್ನು ಅಳೆದು 2019ರಲ್ಲಿ ವರದಿ ಮಾಡಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿಯೇ ಮರಣದ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ರಾಮಜ್ಜಿನಿಯ ರಜೆಯ ಸಲಹೆಯ ಪರೀಕ್ಷೆಯೂ ಆಯಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 63,591 ಜನರನ್ನು ಕುರಿತ 2017ರ ಅಧ್ಯಯನದಲ್ಲಿ, ವಾರದ ವ್ಯಾಯಾಮವನ್ನೆಲ್ಲ ಒಂದೆರಡು ದಿನಗಳಲ್ಲಿಯೇ ಮುಗಿಸುವವರಲ್ಲಿಯೂ ಮರಣದ ಸಂಭವ ಏನೂ ಮಾಡದವರಿಗಿಂತ ಶೇಕಡಾ 30ರಷ್ಟು ಕಡಿಮೆ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಅಥವಾ ಅದರರ್ಧದಷ್ಟು ಬಿರುಸಿನ ಶ್ರಮವನ್ನು ಹೇಳುತ್ತದೆ. ಹಿಂದೆ ಒಂದು ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕೆಂಬ ಷರತ್ತಿತ್ತು. 2020ರಲ್ಲಿ ಅದನ್ನು ತೆಗೆದುಹಾಕಲಾಯಿತು. 2022ರಲ್ಲಿ ಬ್ರಿಟನ್ನಿನ 25,241 ಜನರ ಮಣಿಕಟ್ಟಿಗೆ ಕಟ್ಟಿದ ಮಾಪಕಗಳಿಂದ ಬಂದ ಅಧ್ಯಯನ ಇನ್ನೂ ಮುಂದೆ ಹೋಯಿತು. ಇವರೆಲ್ಲ ಬಿಡುವಿನಲ್ಲಿ ವ್ಯಾಯಾಮ ಮಾಡುವುದಿಲ್ಲವೆಂದು ಹೇಳಿದ್ದವರು. ಆದರೂ ಬಸ್ಸು ಹಿಡಿಯಲು ಓಡುವುದು, ಮೆಟ್ಟಿಲು ಹತ್ತುವುದು ಮುಂತಾದ ಒಂದೆರಡು ನಿಮಿಷಗಳ ಬಿರುಸಿನ ಚಲನೆ ದಿನಕ್ಕೆ ಮೂರು ಸಲ ಇದ್ದವರಲ್ಲಿ, ಹೃದಯ ಮತ್ತು ರಕ್ತನಾಳದ ರೋಗಗಳಿಂದ ಬರುವ ಮರಣ ಅಂತಹ ಚಲನೆ ಇಲ್ಲದವರಿಗಿಂತ ಅರ್ಧದಷ್ಟು ಮಾತ್ರವಿತ್ತು. ಇವೆಲ್ಲ ಜನರನ್ನು ಗಮನಿಸಿ ಮಾಡಿದ ಅಧ್ಯಯನಗಳು. ಆರೋಗ್ಯವಂತರೇ ಹೆಚ್ಚು ಓಡಾಡುತ್ತಿರಬಹುದೆಂಬ ಸಂಶಯ ಪೂರ್ತಿ ನೀಗುವುದಿಲ್ಲ. ಹೃದ್ರೋಗ, ಮಂಡಿನೋವು ಇರುವವರು ವೈದ್ಯರನ್ನು ಕೇಳದೆ ಮೆಟ್ಟಿಲುಗಳಿಗೆ ಧಾವಿಸಬಾರದು. ಆದರೆ ಮೂರು ಸಲ ಎರಡೆರಡು ನಿಮಿಷವೂ ಸಿಗದಷ್ಟು ಅವಸರದ ದಿನಚರಿ ಯಾರದ್ದಿದೆ?

ಮಾರಿಸ್ ಎಣಿಸಿದ ಮೆಟ್ಟಿಲುಗಳೇ ಇಲ್ಲಿ ಬೇರೆ ವೇಷದಲ್ಲಿ ಬಂದಿವೆ. ನಿರ್ವಾಹಕರು ಮಾತ್ರ ಇಲ್ಲ. ಚಾಲಕನೇ ಚೀಟಿಯನ್ನೂ ಕೊಡುವ ಬಸ್ಸುಗಳು ಬಂದಂತೆ ಲಂಡನ್ನಿನಲ್ಲಿ ಆ ಉದ್ಯೋಗ ಕ್ರಮೇಣ ಕರಗಿತು. 2005ರ ಡಿಸೆಂಬರ್ 9ರಂದು 159ನೆಯ ಮಾರ್ಗದಲ್ಲಿ ನಿರ್ವಾಹಕರಿದ್ದ ಹಳೆಯ ಬಸ್ಸುಗಳ ದೈನಂದಿನ ಓಡಾಟ ಕೊನೆಗೊಂಡು, ಪ್ರವಾಸಿಗರ ನೆನಪಿಗೆಂದು ಒಂದೆರಡು ಮಾರ್ಗಗಳಲ್ಲಷ್ಟೇ ಕೆಲವು ಬಸ್ಸುಗಳು ಉಳಿದವು. ಅಂದು ಮಾರಿಸ್ ಅವರಿಗೆ 95 ವರ್ಷ. 1996ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಕ್ರೀಡಾವಿಜ್ಞಾನಕ್ಕೆಂದು ಮೊದಲ ಬಾರಿಗೆ ಕೊಟ್ಟ ಪ್ರಶಸ್ತಿಯನ್ನು ಅವರು ಪ್ಯಾಫೆನ್‌ಬಾರ್ಗರ್ ಅವರೊಂದಿಗೆ ಹಂಚಿಕೊಂಡಿದ್ದರು. ತೊಂಬತ್ತು ದಾಟಿದ ಮೇಲೂ ಅವರ ನಡಿಗೆಯಾಗಲಿ ಸಂಶೋಧನೆಯಾಗಲಿ ನಿಂತಿರಲಿಲ್ಲ. 2009ರ ಅಕ್ಟೋಬರ್ 28ರಂದು, ನೂರು ತುಂಬಲು ಆರು ತಿಂಗಳು ಉಳಿದಿರುವಾಗ, ಅವರು ಲಂಡನ್ನಿನಲ್ಲಿ ಕಣ್ಮುಚ್ಚಿದರು.